ಡೆಲ್ಫೀನಾ ಬಾಯಿ ಮುಚ್ಚಿಕೊಂಡಿರಬೇಕಾದ ದಿನ

ಇಟಲಿಯ ನಮ್ಮ ಗುಡ್ಡದೂರು ಮೊಂಕ್ರವೆಲ್ಲೋದಲ್ಲಿ ಡೆಲ್ಫೀನಾಳ ಹಳದಿ ಬಸ್ಸು ಕಂಡರೆ ನಲವತ್ತು ದಾಟಿದ ಗಂಡಸರೂ ಈಗಲೂ ಸಿಗರೇಟನ್ನು ಬೆನ್ನ ಹಿಂದೆ ಬಚ್ಚಿಡುತ್ತಾರೆ. ಊರಿನ ಎರಡು ತಲೆಮಾರಿನ ಮಕ್ಕಳನ್ನು ಗುಡ್ಡ ಇಳಿಸಿ ಶಾಲೆಗೆ ಮುಟ್ಟಿಸಿ, ಸಂಜೆ ಮತ್ತೆ ಹತ್ತಿಸಿಕೊಂಡು ಬಂದವಳು ಅವಳೇ. ಮಂಜು ಬೀಳಲಿ, ರಸ್ತೆ ಜಾರಲಿ, ಬಸ್ಸು ಹೊರಡುತ್ತಿತ್ತು. ಒಳಗೆ ಯಾರಾದರೂ ಗಲಾಟೆ ಮಾಡಿದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಕನ್ನಡಿಯಲ್ಲಿ ಒಂದು ನೋಟ ಬಿಟ್ಟರೆ ಸಾಕು, ಬಸ್ಸು ತಣ್ಣಗಾಗುತ್ತಿತ್ತು.

ಅವಳು ಹುಟ್ಟಿದ್ದು ಇಲ್ಲೇ, ಬೆಳೆದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಅಪ್ಪ ಅಲ್ಲಿ ರಸ್ತೆ ಕೆಲಸ ಮಾಡುತ್ತಿದ್ದ, ಅಮ್ಮ ಆಸ್ಪತ್ರೆಯೊಂದರ ಬಟ್ಟೆ ಒಗೆಯುತ್ತಿದ್ದಳು. ಶಾಲೆಯಲ್ಲಿ ಜರ್ಮನ್ ಕಲಿತ ಹುಡುಗಿ ಹದಿಹರೆಯಕ್ಕೆ ಬಂದಾಗ ಊರಿಗೆ ಮರಳಿದಳು. ಆ ಭಾಷೆ ಯಾವ ಕೆಲಸಕ್ಕೆ ಬರುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಅವಳ ಗಂಡ ಎವಾಸಿಯೋ ಮಾತ್ರ, "ನನ್ನ ಬೈಬೇಕಾದ್ರೆ ಇವಳಿಗೆ ಒಂದು ಭಾಷೆ ಸಾಕಾಗಲ್ಲ ನೋಡಿ" ಎಂದು ನಗುತ್ತಿದ್ದ. ಎವಾಸಿಯೋ ಕಸಾಲೆ ಪಟ್ಟಣದ ಕಲ್ನಾರಿನ ಶೀಟು ಮಾಡುವ ಕಾರ್ಖಾನೆಯಲ್ಲಿದ್ದ. ಅಲ್ಲಿನ ಧೂಳು ಎಷ್ಟೋ ಗಂಡಸರ ಶ್ವಾಸಕೋಶಕ್ಕೆ ಇಳಿದ ಹಾಗೆ ಅವನ ಶ್ವಾಸಕೋಶಕ್ಕೂ ಇಳಿಯಿತು. ಅವನು ತೀರಿಕೊಂಡ ಮರುವರ್ಷವೇ, ಊರಲ್ಲಿ ಮಕ್ಕಳೇ ಇಲ್ಲವೆಂದು ಪುರಸಭೆಯವರು ಶಾಲೆಯ ಬಸ್ಸನ್ನೂ ನಿಲ್ಲಿಸಿದರು.

ಬಸ್ಸು ಹರಾಜಿಗೆ ಬಂದಾಗ ಕೊಂಡವಳು ಡೆಲ್ಫೀನಾ. ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು.

"ಏನ್ಮಾಡ್ತೀಯೇ ಅದನ್ನ? ಕೋಳಿ ಸಾಕ್ತೀಯಾ?" ಎಂದು ನಾನೇ ಕೇಳಿದ್ದೆ.

"ಜನ ಸಾಕ್ತೀನಿ," ಎಂದಳು.

ನಾನು ಜೆಮ್ಮಾ, ಅವಳ ಪಕ್ಕದ ಮನೆಯವಳು. ಬೀದಿಗೆ ತೆರೆದುಕೊಂಡ ನನ್ನ ಮುಂದಿನ ಕೋಣೆಯಲ್ಲಿ ಮಧ್ಯಾಹ್ನದ ಊಟ ಹಾಕುತ್ತೇನೆ. ಅವಳು ಸಾಕಿದ ಜನ ಸ್ವಿಟ್ಜರ್ಲೆಂಡಿನಿಂದ, ಜರ್ಮನಿಯಿಂದ ಬರುವವರು. ಬೆಳಿಗ್ಗೆ ಕಸಾಲೆಯ ರೈಲು ನಿಲ್ದಾಣದಲ್ಲಿ ಅವರನ್ನು ಹತ್ತಿಸಿಕೊಂಡು ಮೊದಲು ಗುಡ್ಡದ ತುದಿಯ ಚರ್ಚಿಗೆ, ಆಮೇಲೆ ನನ್ನ ಮನೆಯ ಕೆಳಗಿನ ಕಲ್ಲಿನ ನೆಲಮಾಳಿಗೆಗೆ ಮತ್ತು ನನ್ನ ಊಟಕ್ಕೆ, ಕೊನೆಗೆ ಓರೆಸ್ತೆಯ ವೈನ್ ಮನೆಗೆ ಕರೆದೊಯ್ಯುತ್ತಿದ್ದಳು. ದಾರಿಯುದ್ದಕ್ಕೂ ಮಾತು. ಯಾವ ತೋಟ ಯಾರದು, ಯಾವ ಗೋಪುರ ಯಾಕೆ ವಾಲಿದೆ, ಯಾವ ಮನೆಯ ಅಣ್ಣತಮ್ಮಂದಿರು ನಡುವೆ ಗೋಡೆ ಎಬ್ಬಿಸಿಕೊಂಡರು, ಎಲ್ಲ ಹೇಳುತ್ತಿದ್ದಳು. ಬಂದವರು ಮರುವರ್ಷ ತಮ್ಮ ನೆಂಟರನ್ನು ಕಳಿಸುತ್ತಿದ್ದರು.

ನಾನು ಹೇಳಹೊರಟ ದಿನ ದ್ರಾಕ್ಷಿ ಕೊಯ್ಲು ಅರ್ಧ ಮುಗಿದಿತ್ತು. ಬೆಟ್ಟದ ಎರಡೂ ಮಗ್ಗುಲಲ್ಲಿ ಟ್ರ್ಯಾಕ್ಟರುಗಳ ಸದ್ದು. ಗಾಳಿಯಲ್ಲಿ ಹುಳಿಯುತ್ತಿದ್ದ ರಸದ ವಾಸನೆ. ನಾನು ಚರ್ಚಿನಲ್ಲಿ ಹೂವು ಬದಲಾಯಿಸುತ್ತಿದ್ದೆ. ಹೊರಗೆ ಬಸ್ಸು ನಿಂತ ಸದ್ದಾಯಿತು, ಅದರ ಹಿಂದೆಯೇ ಮೋಟಾರ್ ಸೈಕಲ್ಲಿನದು. ಬಾಗಿಲಿಗೆ ಬಂದು ನೋಡಿದರೆ ಊರಿನ ಪೊಲೀಸು ಇವಾನೋ ಟೋಪಿ ಸರಿಮಾಡಿಕೊಳ್ಳುತ್ತ ಬಸ್ಸಿನ ಪಕ್ಕ ನಿಂತಿದ್ದ. ಅವನೂ ಆ ಬಸ್ಸಿನಲ್ಲಿ ಶಾಲೆಗೆ ಹೋದವನೇ, ಆಗಿನಿಂದಲೂ ಅವಳನ್ನು ಅತ್ತೆ ಎಂದೇ ಕರೆಯುವವನು.

"ಅತ್ತೆ, ಒಂದ್ನಿಮಿಷ ಕೆಳಗಿಳೀತೀರಾ?"

"ಏನೋ ಇವಾನೋ, ಟೋಪಿ ಹಾಕ್ಕೊಂಡು ಬಂದಿದೀಯ? ಯಾರಾದ್ರೂ ಸತ್ರಾ?"

"ಇಲ್ಲ ಅತ್ತೆ. ನಿಮ್ಮೇಲೆ ದೂರು ಬಂದಿದೆ."

ಕಸಾಲೆಯಲ್ಲಿ ಫಿಯೊರೆಂಜಾ ಎಂಬ ಗೈಡ್ ಇದ್ದಳು, ಪರೀಕ್ಷೆ ಪಾಸಾಗಿ ಪರವಾನಗಿ ಪಡೆದವಳು. ದೂರು ಕೊಟ್ಟದ್ದು ಅವಳೇ. ಇವಾನೋ ಕಾಗದವನ್ನು ತೋಳಿನಷ್ಟು ದೂರ ಹಿಡಿದುಕೊಂಡು ಓದಿದ. ಡೆಲ್ಫೀನಾ ಬಸ್ಸು ಓಡಿಸಬಹುದು, ಜನರನ್ನು ಕರೆದೊಯ್ಯಬಹುದು. ಆದರೆ ಪರವಾನಗಿ ಇಲ್ಲದೆ ಚರ್ಚು, ಚಿತ್ರ, ಹಳೆಯ ಕಟ್ಟಡ, ಇವುಗಳ ವಿವರಣೆ ಕೊಡುವಂತಿಲ್ಲ.

"ಹಂಗಾದ್ರೆ ನಾನೇನ್ ಮಾಡ್ಲಿ? ಇವರನ್ನ ಇಲ್ಲಿ ಇಳಿಸಿ, ಗಾಳಿ ಕುಡೀರಿ ಅನ್ಲಾ?"

"ಬಾಯಿ ಮುಚ್ಕೊಂಡಿರಿ ಅತ್ತೆ, ಅಷ್ಟೇ. ನಾನು ಹೇಳ್ತಿರೋದಲ್ಲ, ಕಾನೂನು ಹೇಳ್ತಿರೋದು."

"ನೀನು ಎರಡನೇ ಕ್ಲಾಸಲ್ಲಿ ಬಸ್ ತುಂಬಾ ವಾಂತಿ ಮಾಡ್ದಾಗ ನಾನು ಬಾಯಿ ಮುಚ್ಕೊಂಡೇ ಇದ್ದೆ. ನಿಮ್ಮಮ್ಮಂಗೆ ಒಂದ್ಮಾತು ಹೇಳಿಲ್ಲ. ಅದು ಸಾಲ್ದಾ ನಿಂಗೆ?"

ಇವಾನೋನ ಕಿವಿ ಕೆಂಪಾಯಿತು. ಆದರೂ ಜಾಗ ಬಿಟ್ಟು ಕದಲಲಿಲ್ಲ. ಇಡೀ ದಿನ ಜೊತೆಯಲ್ಲಿದ್ದು ವರದಿ ಕೊಡಬೇಕೆಂದು ಅವನಿಗೆ ಮೇಲಿನಿಂದ ಹೇಳಿದ್ದರು.

ಬಸ್ಸಿನಿಂದ ಬೆರ್ನ್ ಕಡೆಯ ಆರು ಮಂದಿ ಇಳಿದು ನಿಂತರು. ಅವರ ಮುಂದಾಳು ವ್ರೇನಿ, ಬೇಕರಿ ನಡೆಸಿ ಮಗಳಿಗೆ ವಹಿಸಿಕೊಟ್ಟಿದ್ದ ದಪ್ಪ ತೋಳಿನ ಹೆಂಗಸು. ಪಕ್ಕದಲ್ಲಿ ಅವಳ ಗಂಡ ರೂಡಿ. ಅವನು ಬೆಳಿಗ್ಗೆಯಿಂದ ತುಟಿ ಬಿಚ್ಚಿರಲಿಲ್ಲವಂತೆ. ಅಷ್ಟರಲ್ಲಿ ಪಾದ್ರಿ ಡಾನ್ ಚೆಲ್ಸೋ ಕೋಲೂರಿಕೊಂಡು ಚರ್ಚಿನ ಮೆಟ್ಟಿಲಿಗೆ ಬಂದರು. ಡೆಲ್ಫೀನಾ ಅವರನ್ನು ನೋಡಿದಳು, ಇವಾನೋನನ್ನು ನೋಡಿದಳು. ಅವಳ ಮುಖದಲ್ಲಿ ಏನೋ ಹೊಳೆದದ್ದು ನನಗೆ ಕಂಡಿತು.

"ಇವಾನೋ, ಪಾದ್ರಿಗಳು ಅವರ ಚರ್ಚಿನ ಬಗ್ಗೆ ಮಾತಾಡ್ಬಹುದಾ?"

"ಅವರ ಚರ್ಚು, ಅವರಿಷ್ಟ."

"ಅವರಿಗೆ ಜರ್ಮನ್ ಬರಲ್ಲ. ಅವರು ಹೇಳಿದ್ದನ್ನ ನಾನು ಅನುವಾದ ಮಾಡಿ ಹೇಳ್ಬಹುದಾ?"

ಇವಾನೋ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. "ಅನುವಾದದ ಮಾತು ಇಲ್ಲಿಲ್ಲ," ಎಂದ.

"ಡಾನ್ ಚೆಲ್ಸೋ, ಬನ್ನಿ! ಇವರಿಗೆ ನಿಮ್ಮ ಚರ್ಚಿನ ವಿಷಯ ಹೇಳ್ಬೇಕಂತೆ!"

ಡಾನ್ ಚೆಲ್ಸೋಗೆ ಆ ವರ್ಷ ಇದ್ದದ್ದು ಒಂದೇ ವಿಷಯ, ಚಾವಣಿ. ಅತಿಥಿಗಳನ್ನು ದೊಡ್ಡ ಚಿತ್ರದ ಮುಂದೆ ನಿಲ್ಲಿಸಿಕೊಂಡು ಅವರು ಚಾವಣಿಯ ಕಡೆ ಕೋಲು ತೋರಿಸಿದರು.

"ಪ್ರತಿ ಚಳಿಗಾಲ ಹೆಂಚು ಬೀಳುತ್ತೆ. ಉತ್ತರದ ಕಡೆ ಸೋರುತ್ತೆ. ಬಿಷಪ್ಪರಿಗೆ ಹೇಳಿ ಹೇಳಿ ಸಾಕಾಯ್ತು."

ಡೆಲ್ಫೀನಾ ಗಂಭೀರವಾಗಿ ತಲೆಯಾಡಿಸಿ ಅನುವಾದ ಶುರುಮಾಡಿದಳು. ಅದು ಮುಗಿಯಲೇ ಇಲ್ಲ. ಅವಳ ಕೈ ಒಂದು ಸಲವೂ ಮೇಲೆದ್ದು ಚಿತ್ರದ ಕಡೆ ಹೋಗಲಿಲ್ಲ, ಬೆನ್ನ ಹಿಂದೆ ಕಟ್ಟಿಕೊಂಡೇ ಇತ್ತು. ಆದರೆ ಆರೂ ಜನ ಚಿತ್ರದ ಎಡಮೂಲೆಗೆ ಬಗ್ಗಿದರು. ಆ ಮೂಲೆಯಲ್ಲಿ ಕೆಂಪು ವಸ್ತ್ರ ತಲೆಗೆ ಕಟ್ಟಿದ ಹೆಂಗಸೊಬ್ಬಳು ಮಂಡಿಯೂರಿದ್ದಾಳೆ. ಪ್ಲೇಗ್ ಬಂದಾಗ ಊರು ಬಿಟ್ಟು ಹೋಗದೆ ರೋಗಿಗಳಿಗೆ ವೈನ್‌ನಲ್ಲಿ ಬ್ರೆಡ್ ನೆನೆಸಿ ಉಣಿಸಿದ ಛತ್ರದವಳು ಎಂದು ಊರವರ ಮಾತು. ವ್ರೇನಿ ಕಣ್ಣೊರೆಸಿಕೊಂಡಳು.

"ಅತ್ತೆ," ಇವಾನೋ ಹತ್ತಿರ ಬಂದ. "ಪಾದ್ರಿಗಳು ಹೆಂಚು ಅಂದ್ರು. ಇವರ್ಯಾಕೆ ಚಿತ್ರ ನೋಡ್ತಿದಾರೆ?"

"ಜರ್ಮನಲ್ಲಿ ಹೆಂಚು ಅನ್ನೋ ಮಾತು ಬಹಳ ಉದ್ದ ಕಣೋ."

"ಅಳ್ತಾ ಬೇರೆ ಇದಾರೆ!"

"ಸೋರೋದು ಕೇಳಿದ್ರೆ ಅಳು ಬರಲ್ವಾ?"

ಡಾನ್ ಚೆಲ್ಸೋಗಂತೂ ತುಂಬ ಖುಷಿಯಾಗಿತ್ತು. "ನಮ್ಮೂರಿನೋರಿಗೆ ನನ್ನ ಹೆಂಚಿನ ಮೇಲೆ ಇಷ್ಟು ಕರುಣೆ ಇಲ್ವಲ್ಲ ಜೆಮ್ಮಾ," ಎಂದು ನನ್ನ ಕಿವಿಯಲ್ಲಿ ಹೇಳಿದರು. ರೂಡಿ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡ. ಅವನಿಗೆ ಕೆಮ್ಮು ಬಂದಿರಬೇಕು ಎಂದುಕೊಂಡೆ.

ಬಸ್ಸು ಹತ್ತುವಾಗ ಡೆಲ್ಫೀನಾ ನನ್ನ ತೋಳು ಹಿಡಿದಳು. "ಮುಂದಿನ ಸರದಿ ನಿಂದು."

"ನಂದಾ? ನಂಗೆ ಏನ್ ಬರುತ್ತೇ? ಹಿಟ್ಟು ಕಲಸೋದು ಬರುತ್ತೆ."

"ನಿಮ್ಮನೆ ನೆಲಮಾಳಿಗೆ ತಾನೇ? ಬಾಯಿಗೆ ಬಂದಿದ್ದು ಹೇಳು. ಮಿಕ್ಕಿದ್ದು ನಂಗೆ ಬಿಡು."

ನಮ್ಮ ಗುಡ್ಡಗಳ ಕಲ್ಲು ಬೆಣ್ಣೆಯ ಬಣ್ಣದ್ದು, ಗುದ್ದಲಿಗೆ ಬಗ್ಗುವಂಥದ್ದು. ಹಿಂದಿನವರು ಮನೆಯ ಕೆಳಗೆ ಆ ಕಲ್ಲನ್ನೇ ಕೊರೆದು, ಸುತ್ತ ಮೆಟ್ಟಿಲಿನಂಥ ಗೂಡು ಬಿಟ್ಟು, ಒಳ್ಳೆಯ ಶೀಸೆಗಳನ್ನು ಅಲ್ಲಿ ಇಡುತ್ತಿದ್ದರು. ಕಿಟಕಿ ಇಲ್ಲ, ಬೆಳಕಿಲ್ಲ, ಬೇಸಿಗೆ ಚಳಿ ಎರಡಕ್ಕೂ ಒಂದೇ ತಂಪು. ನನ್ನ ಮನೆಯದನ್ನು ಕೊರೆದವನು ನನ್ನಜ್ಜ. ಡೆಲ್ಫೀನಾ ಅಲ್ಲಿ ಜನರನ್ನು ನಿಲ್ಲಿಸಿ ವಿವರಿಸುವಾಗ ನಾನು ಸದಾ ಮೇಲೆ ಒಲೆಯ ಮುಂದೆ ಇರುತ್ತಿದ್ದೆ. ಹೀಗೆ ಮಧ್ಯದಲ್ಲಿ ನಿಂತು ಮಾತಾಡಿದ್ದು ಅದೇ ಮೊದಲು.

"ಇದನ್ನ ನಮ್ಮಜ್ಜ ಕೊರೆದಿದ್ದು. ಚಳಿಗಾಲದಲ್ಲಿ. ತೋಟದಲ್ಲಿ ಕೆಲಸ ಇರ್ತಿರಲಿಲ್ಲ," ಎಂದೆ. ಎಲ್ಲರೂ ಕಾಯುತ್ತಿದ್ದರು. ಗೋಡೆ ಮುಟ್ಟಿದೆ. ಬೆರಳಿಗೆ ಪುಡಿ ಅಂಟಿತು. ಆ ಪುಡಿ ನೋಡಿದ್ದೇ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು.

"ಅಜ್ಜನ ಹೆಸರು ಎಲ್ಲರೂ ಹೇಳ್ತಾರೆ. ಆದ್ರೆ ಕಲ್ಲು ಹೊರಗೆ ಹೊತ್ತಿದ್ದು ಅಜ್ಜಿ. ತನ್ನ ಉಡಿಯಲ್ಲಿ ಕಟ್ಕೊಂಡು ಈ ಮೆಟ್ಟಿಲು ಹತ್ತಿ ತೋಟದ ದಾರಿಗೆ ಹಾಕ್ತಿದ್ಲು. ಹೊಟ್ಟೇಲಿ ನಮ್ಮಮ್ಮ ಇದ್ದಾಗ್ಲೂ ಹೊತ್ತಿದ್ಲಂತೆ. ಕೆಲಸ ಮುಗಿದ ದಿನ ಅಜ್ಜ ಊರವರನ್ನ ಕರೆದು ತೋರಿಸ್ದ. ಅಜ್ಜಿ ಕೆಳಗೇ ಇಳೀಲಿಲ್ಲ. ನಂಗೆ ಅದರ ತೂಕ ಗೊತ್ತು, ನೋಡೋದು ಬೇಡ ಅಂದ್ಲಂತೆ. ಸಾಯೋವರೆಗೂ ಇಳೀಲಿಲ್ಲ. ಶೀಸೆ ಬೇಕಾದ್ರೆ ಅಜ್ಜನೇ ತರ್ಬೇಕಿತ್ತು."

ಇದನ್ನು ನಾನು ಯಾರಿಗೂ ಹೇಳಿದವಳಲ್ಲ. ಡೆಲ್ಫೀನಾ ನನ್ನನ್ನೇ ನೋಡುತ್ತ ನಿಂತಿದ್ದಳು. ಇಷ್ಟು ವರ್ಷ ಪಕ್ಕದ ಮನೆಯಲ್ಲಿದ್ದೂ ಅವಳಿಗೂ ಗೊತ್ತಿರಲಿಲ್ಲ. ಆಮೇಲೆ ಮೆಲ್ಲಗೆ ಅನುವಾದ ಮಾಡಿದಳು. ನಾನು ಎಷ್ಟು ಹೊತ್ತು ಮಾತಾಡಿದ್ದೆನೋ ಅಷ್ಟೇ ಹೊತ್ತು. ಒಂದು ಮಾತೂ ಸೇರಿಸಲಿಲ್ಲವೆಂದು ಭಾಷೆ ಬಾರದ ನನಗೂ ತಿಳಿಯಿತು. ನಾನು ಮಾತು ನಿಲ್ಲಿಸಿದಲ್ಲೇ ಅವಳೂ ನಿಲ್ಲಿಸಿದಳು.

ವ್ರೇನಿ ಗೋಡೆಯಲ್ಲಿ ಹೂತಿದ್ದ ಚಿಪ್ಪೊಂದರ ಮೇಲೆ ಬೆರಳಿಟ್ಟಳು. ಈ ಗುಡ್ಡಗಳೆಲ್ಲ ಒಂದಾನೊಂದು ಕಾಲದಲ್ಲಿ ಸಮುದ್ರದ ತಳ, ಕಲ್ಲಿನ ತುಂಬ ಚಿಪ್ಪು. ಅದರ ವಿಷಯ ಏನಾದರೂ ಕೇಳಿಯಾಳು ಎಂದುಕೊಂಡೆ. ಅವಳು ಏನೋ ಹೇಳಿ ನನ್ನ ಕೈ ಹಿಡಿದಳು.

"ಏನಂತಾಳೆ?" ಎಂದೆ.

"ನಿಮ್ಮಜ್ಜಿ ಹೆಸರೇನು ಅಂತ ಕೇಳ್ತಿದಾಳೆ."

"ಕ್ಲೆಲಿಯಾ."

ಆರೂ ಮಂದಿ ಆ ಹೆಸರನ್ನು ತಮ್ಮ ಒರಟು ಉಚ್ಚಾರದಲ್ಲಿ ಒಬ್ಬೊಬ್ಬರಾಗಿ ಹೇಳಿದರು. ಮೆಟ್ಟಿಲ ಮೇಲೆ ನಿಂತಿದ್ದ ಇವಾನೋ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

ಊಟಕ್ಕೆ ಮಾಂಸದ ಹೂರಣ ತುಂಬಿ ಮಡಿಚಿದ ಅಞೊಲೊತ್ತಿ ಮಾಡಿದ್ದೆ, ಹುರಿದ ಮಾಂಸದ ರಸದೊಂದಿಗೆ. ಕರ್ತವ್ಯದ ಮೇಲಿದ್ದೇನೆ ಎನ್ನುತ್ತ ಇವಾನೋ ಬಾಗಿಲಲ್ಲೇ ನಿಂತ. ತಟ್ಟೆ ಮುಂದಿಟ್ಟೆ. ಕೂತ. ಎರಡನೇ ತಟ್ಟೆಯನ್ನೂ ಮುಗಿಸಿದ. ಡೆಲ್ಫೀನಾ ಮಾತ್ರ ಅನ್ಯಮನಸ್ಕಳಾಗಿದ್ದಳು. "ಉಡಿಯಲ್ಲಿ ಹೊತ್ತಳು ಅಂತ ಯಾಕೇ ಇಷ್ಟು ದಿನ ಹೇಳ್ಲಿಲ್ಲ?" ಎಂದಳು. "ನೀನು ಕೇಳ್ಲಿಲ್ಲ. ಎಲ್ಲಾ ನೀನೇ ಹೇಳ್ತಿದ್ಯಲ್ಲ," ಎಂದೆ. ಅವಳು ನಕ್ಕಳು. ಆದರೆ ಆ ಮಾತು ಅವಳೊಳಗೆ ಇಳಿಯಿತು.

ಮಧ್ಯಾಹ್ನ ಓರೆಸ್ತೆಯ ವೈನ್ ಮನೆಗೆ ನಾನೂ ಹೋದೆ. ಪಾತ್ರೆಗಳನ್ನು ಹಾಗೇ ಬಿಟ್ಟು ಹೋದೆ. ಆ ದಿನದ ಕೊನೆ ನೋಡದೆ ಇರಲು ನನ್ನಿಂದಾಗುತ್ತಿರಲಿಲ್ಲ. ಓರೆಸ್ತೆ ನಮ್ಮ ಗುಡ್ಡದಲ್ಲೇ ಅತಿ ಕಡಿಮೆ ಮಾತಿನ ಮನುಷ್ಯ. ಮದುವೆಯ ದಿನ ಪಾದ್ರಿ ಕೇಳಿದ್ದಕ್ಕೆ ಒಪ್ಪಿಗೆ ಎನ್ನುವ ಬದಲು ತಲೆಯಾಡಿಸಿದ್ದನೆಂದು ಅವನ ಹೆಂಡತಿ ಇವತ್ತಿಗೂ ದೂರುತ್ತಾಳೆ. ಅವನು ಅಂಗಳದಲ್ಲಿ ಕೊಳವೆ ಹಿಡಿದು ಬುಟ್ಟಿಗಳನ್ನು ತೊಳೆಯುತ್ತಿದ್ದ. ಮೊಣಕೈವರೆಗೂ ನೇರಳೆ ಬಣ್ಣ, ಸುತ್ತ ಜೇನುನೊಣ. ಡೆಲ್ಫೀನಾ ವಿಷಯ ತಿಳಿಸಿದಳು: ಇವತ್ತು ಮಾತಾಡಬೇಕಾದವನು ನೀನು.

ಓರೆಸ್ತೆ ಬೆದರಿದ ಎತ್ತಿನ ಹಾಗೆ ಸುತ್ತ ನೋಡಿದ. ದೊಡ್ಡ ಪೀಪಾಯಿಗಳ ಸಾಲಿನ ನಡುವೆ ನಮ್ಮನ್ನು ನಿಲ್ಲಿಸಿ, ಲೋಟಗಳಿಗೆ ಕಡುಗೆಂಪು ವೈನ್ ಸುರಿದು, ಗಂಟಲು ಸರಿಮಾಡಿಕೊಂಡ.

"ಇದು ಬಾರ್ಬೇರಾ."

ಎಲ್ಲರೂ ಕಾದರು.

"ಚೆನ್ನಾಗಿದೆ," ಎಂದು ಮಾತು ಮುಗಿಸಿದ.

ಡೆಲ್ಫೀನಾ ಉಸಿರು ಎಳೆದುಕೊಂಡು ಶುರುಮಾಡಿದಳು. ಬಾರ್ಬೇರಾ ಬಡವರ ಮೇಜಿನ ವೈನ್ ಆಗಿದ್ದದ್ದು, ಬಾಣಂತಿಗೂ ಕೊಯ್ಲಿನವರಿಗೂ ಅದನ್ನೇ ಕೊಡುತ್ತಿದ್ದದ್ದು, ಓರೆಸ್ತೆಯ ಅಪ್ಪ ಆಲಿಕಲ್ಲಿನ ವರ್ಷ ಬಳ್ಳಿ ಕಿತ್ತುಹಾಕದೆ ಇನ್ನೊಂದು ವರ್ಷ ಕಾದದ್ದು, ದಕ್ಷಿಣದ ಇಳಿಜಾರಿನ ಹಣ್ಣನ್ನೂ ತಗ್ಗಿನ ಹಣ್ಣನ್ನೂ ಬೇರೆ ಬೇರೆ ಇಡುವುದು. ಆ ಹೆಸರುಗಳೂ ಕೈಯಾಟವೂ ನನಗೆ ಪರಿಚಿತವಾಗಿದ್ದರಿಂದ ಕಥೆ ಎಲ್ಲಿಗೆ ಬಂತೆಂದು ಗುರುತಿಸುತ್ತ ಹೋದೆ. ಅತಿಥಿಗಳು ಲೋಟ ಎತ್ತಿ ಬೆಳಕಿಗೆ ಹಿಡಿದರು, ಮೂಸಿದರು, ಕುಡಿದರು, ಮತ್ತೆ ಕೇಳಿದರು. ಓರೆಸ್ತೆ ಬಾಯಿ ತೆರೆದುಕೊಂಡು ನಿಂತಿದ್ದ.

"ನಾನು ಇಷ್ಟೆಲ್ಲಾ ಹೇಳಿದ್ನಾ?" ಎಂದು ನನ್ನನ್ನು ಕೇಳಿದ.

ಇವಾನೋಗೆ ತಡೆಯಲಾಗಲಿಲ್ಲ. "ಅತ್ತೆ! ಎರಡೇ ಮಾತು ಹೇಳಿದ್ದು ಅವರು! ಇದ್ಯಾವ ಸೀಮೆ ಅನುವಾದ?"

ಡೆಲ್ಫೀನಾ ಉತ್ತರಿಸುವ ಮೊದಲೇ ರೂಡಿ ಲೋಟ ಕೆಳಗಿಟ್ಟ. ಬೆಳಿಗ್ಗೆಯಿಂದ ಮಾತಾಡದ ಆ ಮನುಷ್ಯ ಒಳ್ಳೆಯ ಇಟಾಲಿಯನ್‌ನಲ್ಲಿ ಹೇಳಿದ: "ಸಾಹೇಬ್ರೇ, ಅನುವಾದ ಸರಿಯಾಗೇ ಇದೆ. ನಾನು ಸ್ವಿಟ್ಜರ್ಲೆಂಡಲ್ಲೇ ಇಟಾಲಿಯನ್ ಮಾತಾಡೋ ಕಡೆ ಅಂಚೆ ಇಲಾಖೆಯಲ್ಲಿದ್ದವನು. ಇವರು ಬಾಯಲ್ಲಿ ಹೇಳಿದ್ದು ಎರಡು ಮಾತು. ಮುಖದಲ್ಲಿ ಹೇಳಿದ್ದು ಬಹಳ ಇತ್ತು. ಅದನ್ನೂ ಸೇರಿಸಿದ್ರು, ಅಷ್ಟೇ."

"ಹಂಗಾದ್ರೆ ಹೆಂಚು?" ಎಂದ ಇವಾನೋ.

"ಹೆಂಚಿನ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಆಯ್ತು," ಎಂದು ರೂಡಿ ಒಪ್ಪಿಕೊಂಡ. ಮೊದಲು ನಕ್ಕವನು ಓರೆಸ್ತೆ. ಅವನು ನಕ್ಕದ್ದನ್ನು ಕೇಳಿ ಅವನ ಹೆಂಡತಿ ಹೊರಗಿನಿಂದ ಓಡಿಬಂದಳು. ಇವಾನೋ ಗಂಟುಮುಖ ಹಾಕಿಕೊಂಡೇ ಇರಲು ನೋಡಿದ, ಆಗಲಿಲ್ಲ.

ನಗು ಇಳಿದ ಮೇಲೆ ಅವನು ಡೆಲ್ಫೀನಾಳನ್ನು ಪೀಪಾಯಿಯ ಪಕ್ಕಕ್ಕೆ ಕರೆದ. "ಅತ್ತೆ, ಇವತ್ತು ಅನುವಾದ ಅಂತ್ಲೇ ಬರೀತೀನಿ. ಮುಂದಿನ ವಾರ ಏನ್ಮಾಡ್ತೀರಿ? ದಿನಾ ಇದೇ ನಾಟಕ ಆಡಕ್ಕಾಗುತ್ತಾ?"

"ಇಲ್ಲ," ಎಂದಳು ಅವಳು ಒಂದು ಕ್ಷಣವೂ ಯೋಚಿಸದೆ. "ಪರೀಕ್ಷೆ ಕಟ್ತೀನಿ."

"ಈ ವಯಸ್ಸಲ್ಲಾ?"

"ನಿನ್ನಂಥೋನಿಗೆ ಮಗ್ಗಿ ಹೇಳಿಕೊಟ್ಟಿದೀನಿ ಬಸ್ಸಲ್ಲಿ. ಅದಕ್ಕಿಂತ ಕಷ್ಟನಾ ಅದು?"

ಕೊಯ್ಲು ಮುಗಿದ ಮೇಲೆ ಅವಳು ಮೊದಲು ಮಾಡಿದ ಕೆಲಸ ಫಿಯೊರೆಂಜಾಳನ್ನು ಹುಡುಕಿಕೊಂಡು ಕಸಾಲೆಗೆ ಹೋದದ್ದು. ಜಗಳವಾದರೆ ಬಿಡಿಸಲು ಇರಲೆಂದು ನಾನೂ ಹೋದೆ. ಕೋಟೆಯ ಅಂಗಳದಲ್ಲಿ ಆಕೆ ಒಂದು ಗುಂಪಿಗೆ ವಿವರಿಸುತ್ತಿದ್ದಳು. ಡೆಲ್ಫೀನಾ ಗುಂಪಿನ ಹಿಂದೆ ನಿಂತು ಕೊನೆಯವರೆಗೂ ಕೇಳಿದಳು. ಜನ ಚದುರಿದ ಮೇಲೆ ಹತ್ತಿರ ಹೋಗಿ ಹೆಸರು ಹೇಳಿದಳು.

ಫಿಯೊರೆಂಜಾ ಚೀಲವನ್ನು ಎದೆಗವಚಿಕೊಂಡಳು. "ಜಗಳಕ್ಕೆ ಬಂದ್ರಾ? ನೋಡಿ, ಮಗೂನ ತೊಡೆ ಮೇಲೆ ಮಲಗಿಸ್ಕೊಂಡು ಓದಿ ಪಾಸಾದೋಳು ನಾನು. ನೀವು ಸುಮ್ನೆ ಬಸ್ ತಗೊಂಡು ಶುರು ಮಾಡ್ಕೊಂಡ್ರಿ. ದೂರು ಕೊಟ್ಟಿದ್ದು ತಪ್ಪು ಅಂತ ನಂಗೆ ಅನ್ಸಲ್ಲ."

"ತಪ್ಪಲ್ಲ. ನಿಮ್ಮ ಜಾಗದಲ್ಲಿದ್ದಿದ್ರೆ ನಾನೂ ಕೊಡ್ತಿದ್ದೆ. ಯಾವ್ಯಾವ ಪುಸ್ತಕ ಓದಿದ್ರಿ ಅಂತ ಕೇಳಕ್ಕೆ ಬಂದೆ."

ಫಿಯೊರೆಂಜಾ ಚೀಲವನ್ನು ಹೆಗಲಿಗೇರಿಸಿಕೊಂಡಳು. ಆಮೇಲೆ ನಮ್ಮನ್ನು ಕಾಫಿಗೆ ಕರೆದೊಯ್ದಳು. ಮರುವಾರ ಪುಸ್ತಕಗಳ ಪೆಟ್ಟಿಗೆಯನ್ನು ತಾನೇ ತಂದು ಕೊಟ್ಟಳು.

ಆ ಚಳಿಗಾಲ ನನ್ನ ಅಡಿಗೆಮನೆಯ ಮೇಜಿನ ಒಂದು ಕಡೆ ನನ್ನ ಹಿಟ್ಟು, ಇನ್ನೊಂದು ಕಡೆ ಅವಳ ಪುಸ್ತಕ. ಮೊದಲ ಸಲ ಅವಳು ಫೇಲಾದಳು. ನಮ್ಮ ಗುಡ್ಡಗಳ ಬಗ್ಗೆ ಕೇಳಿದ್ದಕ್ಕೆಲ್ಲ ಪಟಪಟನೆ ಹೇಳಿದ್ದಳು. ನದಿಯಾಚೆಯ ಊರುಗಳ ಬಗ್ಗೆ ಕೇಳಿದಾಗ ತಡವರಿಸಿದ್ದಳು. ಮನೆಗೆ ಬಂದು ಕೋಟು ಬಿಚ್ಚುತ್ತ, "ಸರಿಯಾಗೇ ಫೇಲ್ ಮಾಡಿದಾರೆ. ನಾನು ಈ ಬೆಟ್ಟ ಬಿಟ್ಟು ಏನು ನೋಡಿದೀನಿ ಹೇಳು? ನಾಳೆ ತಿಂಡಿ ಕಟ್ಕೋ, ಹೋಗೋಣ," ಎಂದಳು. ಆ ವಸಂತದಲ್ಲಿ ಅಷ್ಟು ದೊಡ್ಡ ಬಸ್ಸಿನಲ್ಲಿ ನಾವಿಬ್ಬರೇ ಪ್ರಾಂತವೆಲ್ಲ ಸುತ್ತಿದೆವು. ಮಠ, ಕೋಟೆ, ಭತ್ತದ ಗದ್ದೆಯ ನಡುವಿನ ಊರು, ಬಾಗಿಲು ತೆರೆದಿದ್ದ ಯಾವ ಚರ್ಚನ್ನೂ ಬಿಡಲಿಲ್ಲ. ಹೋದಲ್ಲೆಲ್ಲ ಅವಳು ಅಲ್ಲಿನ ಅಜ್ಜಿಯರನ್ನು ಹಿಡಿದು ನಿಲ್ಲಿಸಿ ಕೇಳುತ್ತಿದ್ದಳು. ಕೇಳಿ ಸುಮ್ಮನಿರುತ್ತಿದ್ದಳು. ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಎರಡನೇ ಸಲ ಪಾಸಾದಳು. ಗೈಡಿನ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು ಮೊದಲು ಹೋದದ್ದು ಎವಾಸಿಯೋನ ಸಮಾಧಿಗೆ. ಅಲ್ಲಿ ಏನು ಹೇಳಿದಳೋ, ಯಾವ ಭಾಷೆಯಲ್ಲಿ ಹೇಳಿದಳೋ, ನಾನು ಗೇಟಿನಾಚೆ ನಿಂತಿದ್ದೆ.

ಓದಿದ್ದರಿಂದ ಒಂದು ನಷ್ಟವೂ ಆಯಿತು. ಚರ್ಚಿನ ಆ ಚಿತ್ರ ಬರೆದದ್ದು ಪ್ಲೇಗಿಗೆ ಬಹಳ ಮುಂಚೆ ಎಂದು ಅವಳಿಗೆ ತಿಳಿಯಿತು. ಛತ್ರದವಳ ಕಥೆ ನಿಲ್ಲುವಂತಿರಲಿಲ್ಲ. ಎರಡು ದಿನ ಮುಖ ಸಣ್ಣಗೆ ಮಾಡಿಕೊಂಡಿದ್ದಳು. ಈಗ ಜನರಿಗೆ ಎರಡನ್ನೂ ಹೇಳುತ್ತಾಳೆ, ಪುಸ್ತಕದ್ದೊಂದು, ಊರಿನದೊಂದು. ನೆಲಮಾಳಿಗೆಯಲ್ಲಿ ಮಾತ್ರ ಅನುವಾದಕ್ಕಲ್ಲದೆ ಅವಳು ಬಾಯಿ ಬಿಡುವುದಿಲ್ಲ. ಅಲ್ಲಿ ಮಾತಾಡುವವಳು ನಾನು.

ಈಚೆಗೆ ಫ್ರಾನ್ಸಿನ ಲಿಯೋನ್ ಕಡೆಯಿಂದ ಜನ ಬರಲು ಶುರುಮಾಡಿದ್ದಾರೆ. ಡೆಲ್ಫೀನಾ ಬಸ್ಸಿನಲ್ಲಿ ಫ್ರೆಂಚ್ ಪಾಠದ ಧ್ವನಿಮುದ್ರಣ ಹಾಕಿಕೊಂಡು ತಿರುವುಗಳಲ್ಲಿ ಗಟ್ಟಿಯಾಗಿ ಒಪ್ಪಿಸುತ್ತ ಹೋಗುತ್ತಾಳೆ. ಮೊನ್ನೆ ನನ್ನನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡಳು.

"ನೀನೂ ಹೇಳು."

"ನಂಗ್ಯಾಕೇ ಫ್ರೆಂಚು, ಈ ವಯಸ್ಸಲ್ಲಿ?"

"ಕ್ಲೆಲಿಯಾ ಅಜ್ಜಿ ವಿಷಯನ ನಾನು ಅನುವಾದ ಮಾಡಲ್ಲ ಇನ್ಮೇಲೆ. ನೀನೇ ಹೇಳ್ಕೋ. ಹೂಂ, ಜೋರಾಗಿ!"

ಕಿಟಕಿ ಇಳಿಸಿದ್ದಳು. ತೋಟದಲ್ಲಿ ಬಳ್ಳಿ ಕಟ್ಟುತ್ತಿದ್ದವರು ತಲೆಯೆತ್ತಿ ನೋಡುತ್ತಿದ್ದರು. ನಾನು ಜೋರಾಗಿಯೇ ಹೇಳಿದೆ.